ವಾಚ್, ಇಸಿಜಿ ಪಟ್ಟಿ, ಫೋನ್ ಕ್ಯಾಮೆರಾ: ತಾಳ ತಪ್ಪುವ ಎದೆಬಡಿತ ಹಿಡಿಯಲು ಯಾವುದು ಸರಿ?

ಎದೆ ಇದ್ದಕ್ಕಿದ್ದ ಹಾಗೆ ಧಡ್ ಅನ್ನುತ್ತದೆ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ, ಇಸಿಜಿಯೂ ನಾರ್ಮಲ್. ಈ ತೊಂದರೆ ಇರುವವರಿಗೆಲ್ಲ ಗೊತ್ತಿರುವ ಕಥೆ ಇದು, ಅಲ್ವಾ? ಅದು ಆಗುವ ಹೊತ್ತಿಗೇ ಹಿಡಿಯಬೇಕು ಅಂತ ನಾನು ಮೂರು ಬಗೆಯ ಸಾಧನ ಬಳಸಿ ನೋಡಿದೆ.

ಫೋನ್ ಕ್ಯಾಮೆರಾದ ಆ್ಯಪ್ ಬಗ್ಗೆ ಹೇಳುವುದು ಕಡಿಮೆ. ಫ್ಲ್ಯಾಶ್ ಉರಿಯುವಾಗ ಕ್ಯಾಮೆರಾ ಮೇಲೆ ಬೆರಳಿಟ್ಟರೆ, ಪ್ರತಿ ಬಡಿತಕ್ಕೂ ಬೆರಳಿನಲ್ಲಿ ರಕ್ತ ಹೆಚ್ಚು ಕಡಿಮೆ ಆಗುವುದನ್ನು ಅದು ಬೆಳಕಿನಿಂದ ಗುರುತಿಸುತ್ತದೆ. ಬೇರೆ ಸಾಧನ ಬೇಕಿಲ್ಲ, ಅದೇ ಅನುಕೂಲ. ಆದರೆ ಬೆರಳು ತಣ್ಣಗಿದ್ದರೆ, ಜಾಸ್ತಿ ಒತ್ತಿದರೆ, ಸ್ವಲ್ಪ ಅಲುಗಿದರೂ ಲೆಕ್ಕ ಕೆಡುತ್ತದೆ.

ವಾಚ್ ಕೂಡ ಮಣಿಕಟ್ಟಿನ ಮೇಲೆ ಹಸಿರು ಬೆಳಕು ಬಿಟ್ಟು ಇದೇ ಕೆಲಸ ಮಾಡುತ್ತದೆ. ವ್ಯತ್ಯಾಸ ಏನೆಂದರೆ, ನಾವು ಮರೆತಿದ್ದರೂ ಅದು ಆಗಾಗ ನೋಡುತ್ತಲೇ ಇರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ತಾಳತಪ್ಪು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಅದುರುತ್ತವೆ, ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು, ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಇಂಥವರಿಗೆ ವಾಚ್ ನಿಜಕ್ಕೂ ದೊಡ್ಡ ಉಪಕಾರ.

ಹಾಗಂತ ಅದರ ಎಚ್ಚರಿಕೆಯೇ ಕೊನೆ ಮಾತಲ್ಲ. 2019ರಲ್ಲಿ ಪ್ರಕಟವಾದ ಆಪಲ್ ಹಾರ್ಟ್ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಎಚ್ಚರಿಕೆ ಬಂದದ್ದು 0.52% ಜನರಿಗೆ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪ್ಯಾಚ್ ಹಾಕಿಕೊಂಡು ವಾಪಸ್ ಕಳಿಸಿದವರಲ್ಲಿ 34% ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಕಂಡಿತು. ಉಳಿದವರದ್ದೆಲ್ಲ ಸುಳ್ಳು ಎಚ್ಚರಿಕೆ ಅಂತ ಹೇಳಲಾಗದು. ಬಂದು ಹೋಗುವ ತೊಂದರೆ, ಪ್ಯಾಚ್ ಹಾಕಿದ ದಿನಗಳಲ್ಲಿ ಬಾರದೆಯೂ ಇರಬಹುದು.

ಮೂರನೆಯದು ಇಸಿಜಿ ಪಟ್ಟಿ. ಕಾರ್ಡಿಯಾಮೊಬೈಲ್ ಥರದ್ದು, ಜೇಬಿನಲ್ಲಿ ಹಿಡಿಯುತ್ತದೆ. ಎರಡೂ ಕೈಯ ಬೆರಳನ್ನು ಲೋಹದ ಜಾಗಕ್ಕೆ ಒತ್ತಿ 30 ಸೆಕೆಂಡ್ ಕೂತರೆ ಫೋನಿನಲ್ಲಿ ಗೆರೆ ಮೂಡುತ್ತದೆ. ಇದು ಹೃದಯದ ವಿದ್ಯುತ್ತನ್ನೇ ಅಳೆಯುತ್ತದೆ. ಮೊಣಕೈಯನ್ನು ಮೇಜಿನ ಮೇಲೆ ಊರಿಕೊಂಡರೆ, ಒಣಗಿದ ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡರೆ ಗೆರೆ ಚೆನ್ನಾಗಿ ಬರುತ್ತದೆ.

ಒಂದು ಸಂಜೆ ಎದೆ ಧಡ್ ಅನ್ನತೊಡಗಿದಾಗ ಮೂರನ್ನೂ ಒಂದಾದ ಮೇಲೆ ಒಂದು ಹಿಡಿದೆ. ಕ್ಯಾಮೆರಾ ಆ್ಯಪ್ "ಬಡಿತ ಅನಿಯಮಿತ" ಅಂದಿತು, ಮುಂದಕ್ಕೆ ಏನೂ ಇಲ್ಲ. ವಾಚ್ ಸುಮ್ಮನಿತ್ತು. ಪಟ್ಟಿಯ ಗೆರೆಯಲ್ಲಿ ಮಾತ್ರ ವಿಷಯ ಎದ್ದು ಕಾಣುತ್ತಿತ್ತು: ಸಮ ಅಂತರದಲ್ಲಿ ಮೊನೆಗಳು, ನಡುವೆ ಒಂದು ಅಗಲವಾದ ಮೊನೆ ಅವಸರವಾಗಿ ಬಂದು, ಅದರ ಹಿಂದೆಯೇ ಉದ್ದನೆಯ ಖಾಲಿ ಜಾಗ. ಆ ಗೆರೆಯ ಪಿಡಿಎಫ್ ನೋಡಿದ ಡಾಕ್ಟರು ಎಕ್ಟೋಪಿಕ್ ಬಡಿತ, ಅಂದರೆ ಹೊತ್ತಿಗೆ ಮೊದಲೇ ಬರುವ ಬಿಡಿ ಬಡಿತ, ಅಂದರು. ವಾಚ್ ಸುಮ್ಮನಿದ್ದದ್ದೂ ಸರಿಯೇ. ಅದು ಹುಡುಕುವುದು ಮತ್ತೆ ಮತ್ತೆ ನೋಡಿದಾಗಲೂ ಉಳಿದಿರುವ ತಾಳತಪ್ಪನ್ನು, ಅಲ್ಲೊಂದು ಇಲ್ಲೊಂದು ಬಡಿತವನ್ನಲ್ಲ.

ಕೆಲವು ವಾಚ್‌ಗಳಲ್ಲೂ ಇಸಿಜಿ ಇದೆ, ಗುಂಡಿಗೆ ಇನ್ನೊಂದು ಕೈಯ ಬೆರಳಿಟ್ಟು ತೆಗೆಯಬೇಕು. ಅಂಥ ವಾಚ್ ಆಗಲೇ ಇದ್ದರೆ ಪಟ್ಟಿ ಬೇರೆ ಕೊಳ್ಳಬೇಕಿಲ್ಲ. ಇಲ್ಲದಿದ್ದರೆ, ಎದೆ ತಪ್ಪಿ ಬಡಿಯುವುದು ನಿಮಗೇ ಗೊತ್ತಾಗುತ್ತದೆ ಅಂದರೆ ಪಟ್ಟಿಯೇ ಸಾಕು, ನಾನು ಅದನ್ನೇ ಇಟ್ಟುಕೊಂಡೆ. ವಾಚನ್ನು ಅಪ್ಪನಿಗೆ ಕೊಟ್ಟಿದ್ದೇನೆ. ಅವರಿಗೆ ವಯಸ್ಸಾಗಿದೆ, ಬಿಪಿ ಇದೆ, ಎದೆಯಲ್ಲಿ ಏನೂ ಅನ್ನಿಸುವುದಿಲ್ಲ.

ಈ ಮೂರರಲ್ಲಿ ಯಾವುದೂ ಹೃದಯಾಘಾತವನ್ನು ಪತ್ತೆ ಹಚ್ಚುವುದಿಲ್ಲ. ಎದೆನೋವು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಆದರೆ ಪಟ್ಟಿ ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.