ಕ್ರಿಸ್ಮಸ್ ರಜೆಗೆ ದೆಹಲಿ ಟಿಕೆಟ್ ತೆಗೆಯುವ ಮೊದಲು ದಯವಿಟ್ಟು ಓದಿ

ಮಂಜು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಮಡಿಕೇರಿ, ನಂದಿ ಬೆಟ್ಟ, ಬೆಳಿಗ್ಗೆ ಆರು ಗಂಟೆಗೆ ಕೈಯಲ್ಲೊಂದು ಕಾಫಿ ಲೋಟ. ಚಳಿ ಅಂದರೆ ಬೆಂಗಳೂರಿನ ಜನವರಿ, ಒಂದು ಸ್ವೆಟರ್ ಹಾಕಿಕೊಂಡರೆ ಮುಗೀತು. ಈ ಎರಡು ಪದಗಳನ್ನೇ ನಂಬಿಕೊಂಡು ನಾವು ಐದು ಜನ ಡಿಸೆಂಬರ್ ಕೊನೆ ವಾರದಲ್ಲಿ ದೆಹಲಿಗೆ ಹೊರಟೆವು. ನಾನು, ನಮ್ಮವರು, ಎಂಟು ವರ್ಷದ ಮಗಳು, ಹತ್ತನೇ ಕ್ಲಾಸಿನ ಮಗ, ಅರವತ್ತೆಂಟು ವರ್ಷದ ಅತ್ತೆ. ಅತ್ತೆಗೆ ಮೊದಲಿಂದ ಸ್ವಲ್ಪ ಉಬ್ಬಸ ಇದೆ. ತಾಜ್ ಮಹಲ್ ನೋಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಮಕ್ಕಳ ರಜೆ, ಅತ್ತೆಯ ಆಸೆ ಎರಡೂ ಒಟ್ಟಿಗೆ ಆಗುತ್ತದೆ ಅಂತ ಟಿಕೆಟ್ ಮಾಡಿದೆವು.

ಟಿಕೆಟ್ ಮಾಡುವಾಗ ಫೋನಿನಲ್ಲಿ ಹವಾಮಾನ ನೋಡಿದ್ದೆ. ದೆಹಲಿಯಲ್ಲಿ ಜನವರಿಯ ಸರಾಸರಿ ಗರಿಷ್ಠ 20 ಡಿಗ್ರಿ ಹತ್ತಿರ, ಕನಿಷ್ಠ 7-8. ರಾತ್ರಿ ಚಳಿ ಇರುತ್ತೆ, ಹಗಲು ಆರಾಮಾಗಿ ಸುತ್ತಬಹುದು ಅಂದುಕೊಂಡೆ. ಸರಾಸರಿ ಅಂದರೆ ಬಿಸಿಲಿರುವ ದಿನ, ಬಿಸಿಲೇ ಬೀಳದ ದಿನ ಎರಡನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ನಮಗೆ ಸಿಕ್ಕಿದ್ದು ಬಿಸಿಲೇ ಬೀಳದ ದಿನಗಳು.

ಬೆಳಿಗ್ಗೆ ಐದೂವರೆಯ ವಿಮಾನ, ಟಿಕೆಟ್ ಅಗ್ಗ ಅಂತ. ಎಂಟೂವರೆ ಒಳಗೆ ದೆಹಲಿ, ಇಡೀ ದಿನ ಕೈಗೆ ಸಿಗುತ್ತದೆ ಅನ್ನೋ ಲೆಕ್ಕ. ದೆಹಲಿ ಮೇಲೆ ಬಂದ ವಿಮಾನ ಸುತ್ತು ಹಾಕತೊಡಗಿತು. ಮುಕ್ಕಾಲು ಗಂಟೆ ಸುತ್ತಿದ ಮೇಲೆ, ಮಂಜು ದಟ್ಟವಾಗಿದೆ, ಜೈಪುರಕ್ಕೆ ಹೋಗುತ್ತಿದ್ದೇವೆ ಅಂತ ಹೇಳಿದರು. ಜೈಪುರದಲ್ಲಿ ಇಳಿಯಿತು, ಆದರೆ ನಮ್ಮನ್ನು ಕೆಳಗೆ ಬಿಡಲಿಲ್ಲ. ನಾಲ್ಕು ಗಂಟೆ ಸೀಟಿನಲ್ಲೇ ಕೂತೆವು. ನೀರು ತರೋಕೆ, ಬಿಸ್ಕತ್ತು ತರೋಕೆ ಬಾಗಿಲು ತೆಗೆದಾಗಲೆಲ್ಲ ಗಾಳಿ ಕೊರೆಯುತ್ತಾ ಒಳಗೆ ಬರುತ್ತಿತ್ತು. ನಮ್ಮ ಸ್ವೆಟರ್, ಶಾಲು, ಟೋಪಿ ಎಲ್ಲ ಚೆಕ್ ಇನ್ ಮಾಡಿದ ದೊಡ್ಡ ಸೂಟ್‌ಕೇಸಿನಲ್ಲಿ, ವಿಮಾನದ ಹೊಟ್ಟೆಯೊಳಗೆ. ಅತ್ತೆ ಉಟ್ಟಿದ್ದು ಕಾಟನ್ ಸೀರೆ, ಕಾಲಿಗೆ ಚಪ್ಪಲಿ. ಅವರ ಪಾದ ಮುಟ್ಟಿ ನೋಡಿದೆ, ಫ್ರಿಜ್‌ನಿಂದ ತೆಗೆದ ಪಾತ್ರೆ ಹಾಗಿತ್ತು. ನನ್ನ ದುಪಟ್ಟಾ ಬಿಚ್ಚಿ ಅವರ ಎರಡೂ ಪಾದಕ್ಕೆ ಸುತ್ತಿದೆ.

ದೆಹಲಿ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ ಇದೆ. ಆದರೆ ರನ್‌ವೇಯಲ್ಲಿ ಇದ್ದರೆ ಸಾಲದು. ವಿಮಾನದಲ್ಲೂ ಆ ಉಪಕರಣ ಇರಬೇಕು, ಪೈಲಟ್‌ಗಳಿಗೂ ಆ ತರಬೇತಿ ಆಗಿರಬೇಕು. ತೀರಾ ಏನೂ ಕಾಣದಿದ್ದರೆ ಯಾವ ವಿಮಾನವೂ ಇಳಿಯಲ್ಲ. ಮಂಜು ಸಾಮಾನ್ಯವಾಗಿ ನಡುರಾತ್ರಿ ಮೇಲೆ ಕಟ್ಟಿಕೊಂಡು ಬೆಳಗಿನ ಹೊತ್ತಿಗೆ ಗಟ್ಟಿಯಾಗುತ್ತದೆ, ಹನ್ನೊಂದರ ಹೊತ್ತಿಗೆ ಕರಗತೊಡಗುತ್ತದೆ. ಅಂದರೆ ನಾವು ಹೆಮ್ಮೆಯಿಂದ ಬುಕ್ ಮಾಡಿದ ಆ ಬೆಳಗಿನ ವಿಮಾನ ಸರಿಯಾಗಿ ಮಂಜಿನ ಬಾಯಿಗೇ ಹೋಗಿ ಬಿದ್ದಿತ್ತು. ಡಿಸೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ ದೆಹಲಿಗೆ ಹೋಗಲೇಬೇಕು ಅಂದರೆ ಮಧ್ಯಾಹ್ನ ಒಂದರಿಂದ ನಾಲ್ಕರ ಒಳಗೆ ಇಳಿಯುವ ವಿಮಾನ ಹಿಡಿಯಿರಿ. ಅದೂ ತಡ ಆಗಬಹುದು, ಯಾಕೆಂದರೆ ಬೆಂಗಳೂರಿಗೆ ಬರಬೇಕಾದ ವಿಮಾನವೇ ಬೆಳಿಗ್ಗೆ ದೆಹಲಿಯಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಹಾಗಾಗಿ ಅದೇ ದಿನ ಸಂಜೆ ಹರಿದ್ವಾರಕ್ಕೋ ಅಮೃತಸರಕ್ಕೋ ರೈಲು ಇಟ್ಟುಕೊಳ್ಳಬೇಡಿ.

ನಾವು ದೆಹಲಿ ಮುಟ್ಟಿದಾಗ ಮಧ್ಯಾಹ್ನ ಮೂರು. ಹೊರಗೆ 13 ಡಿಗ್ರಿ. ಸೂರ್ಯ ಎಲ್ಲಿದ್ದಾನೆ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಮೊದಲ ಉಸಿರಿಗೇ ಮೂಗಿಗೆ ಬಡಿದದ್ದು ಹೊಗೆ. ಮಡಿಕೇರಿ ಮಂಜಿಗೆ ಒದ್ದೆ ಮಣ್ಣಿನ, ಕಾಫಿ ತೋಟದ ವಾಸನೆ ಇರುತ್ತದೆ. ಇಲ್ಲಿಯದಕ್ಕೆ ಸುಟ್ಟ ಕಸದ, ಡೀಸೆಲ್‌ನ ವಾಸನೆ.

ಇದು ಯಾಕೆ ಹೀಗೆ ಅಂತ ಆಮೇಲೆ ತಿಳಿದುಕೊಂಡೆ. ಚಳಿಗಾಲದಲ್ಲಿ ಪಶ್ಚಿಮದ ಕಡೆಯಿಂದ ಆಗಾಗ ಮೋಡ ಬಂದು ಉತ್ತರ ಭಾರತದಲ್ಲಿ ಸ್ವಲ್ಪ ಮಳೆ ಸುರಿಸುತ್ತದೆ. ನೆಲದಲ್ಲಿ, ಗಾಳಿಯಲ್ಲಿ ತೇವ ಉಳಿಯುತ್ತದೆ. ಆಮೇಲೆ ಆಕಾಶ ತಿಳಿಯಾಗಿ ಗಾಳಿ ನಿಂತರೆ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಆ ತೇವವೆಲ್ಲ ನೆಲದ ಹತ್ತಿರವೇ ಮಂಜಾಗಿ ನಿಲ್ಲುತ್ತದೆ. ಮೇಲಿನ ಗಾಳಿ ಬೆಚ್ಚಗೆ, ಕೆಳಗಿನದು ತಣ್ಣಗೆ ಇರುವುದರಿಂದ ಮುಚ್ಚಳ ಹಾಕಿದ ಹಾಗೆ ಆಗಿ ಊರಿನ ಹೊಗೆಯೂ ಮೇಲೆ ಹೋಗಲ್ಲ. ಕೆಲವು ದಿನ ಈ ಮುಚ್ಚಳ ಹಗಲಿಡೀ ತೆಗೆಯಲ್ಲ. ಬಿಸಿಲು ನೆಲಕ್ಕೆ ಬೀಳದೆ ಮಧ್ಯಾಹ್ನವೂ ಬೆಳಗಿನ ಹಾಗೇ ಇರುತ್ತದೆ. ಹವಾಮಾನ ಇಲಾಖೆ ಇಂಥ ದಿನಗಳಿಗೇ ಒಂದು ಹೆಸರಿಟ್ಟಿದೆ, ಶೀತ ದಿನ ಅಂತ. ಕನಿಷ್ಠ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದು, ಗರಿಷ್ಠ ಮಾಮೂಲಿಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಅದು ಶೀತ ದಿನ. ರಾತ್ರಿ ಚಳಿಗಿಂತ ಇದು ಜಾಸ್ತಿ ಸುಸ್ತು ಮಾಡುತ್ತದೆ, ಮೈ ಬೆಚ್ಚಗಾಗೋಕೆ ಸಮಯವೇ ಸಿಗಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ನಮ್ಮ ಹೋಟೆಲ್ ಕರೋಲ್ ಬಾಗ್‌ನಲ್ಲಿತ್ತು. ಫೋಟೋದಲ್ಲಿ ಚೆನ್ನಾಗೇ ಇತ್ತು. ರೂಮಿಗೆ ಹೋದರೆ ಎಸಿ ಇದೆ, ಅದು ಬರೀ ತಂಪು ಮಾಡುವ ಎಸಿ. ಹೀಟರ್ ಇಲ್ಲ. ನೆಲ ಕಲ್ಲಿನದು, ಬರಿಗಾಲಿಡೋಕೆ ಆಗಲ್ಲ. ದಪ್ಪ ರಜಾಯಿ ಕೊಟ್ಟಿದ್ದರು, ಅದೇ ತೇವ ತೇವ ಅನ್ನಿಸುತ್ತಿತ್ತು. ಹೀಟರ್ ಕೇಳಿದರೆ ದಿನಕ್ಕೆ ಇಷ್ಟು ಅಂತ ದುಡ್ಡು ಹೇಳಿದರು. ಆಯ್ತು ಕೊಡಿ ಅಂದರೆ ಎಲ್ಲ ಬೇರೆ ರೂಮಿಗೆ ಹೋಗಿವೆ ಅಂದರು. ಅತ್ತೆ ನಡುಗುತ್ತಿದ್ದದ್ದು ನೋಡಿ ಅಲ್ಲಿಯ ಹುಡುಗ ಪಾಪ, ಒಳ್ಳೆ ಮನಸ್ಸಿನಿಂದಲೇ, ಒಂದು ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿಕೊಂಡು ಬಂದ. ಅಂಗೀಠಿ ಅನ್ನುತ್ತಾರೆ ಅದಕ್ಕೆ. ಮಂಚದ ಪಕ್ಕ ಇಟ್ಟು, ಚಳಿ ಬರದ ಹಾಗೆ ಕಿಟಕಿ ಬಾಗಿಲು ಭದ್ರ ಮಾಡಿಕೊಳ್ಳಿ ಅಂದ. ಹತ್ತೇ ನಿಮಿಷದಲ್ಲಿ ರೂಮು ಬೆಚ್ಚಗಾಯಿತು. ಮಗಳು ಆಗಲೇ ಕಣ್ಣು ಮುಚ್ಚಿದ್ದಳು.

ಅಷ್ಟರಲ್ಲಿ ದೆಹಲಿಯಲ್ಲೇ ಹದಿನೈದು ವರ್ಷದಿಂದ ಇರುವ ನಮ್ಮ ಸಂಬಂಧಿಕರು, ತಲುಪಿದಿರಾ ಅಂತ ಕೇಳೋಕೆ ಫೋನ್ ಮಾಡಿದರು. ಮಾತಿನ ಮಧ್ಯೆ ಕೆಂಡದ ವಿಷಯ ಹೇಳಿದೆ. ಅವರು ಕಿರುಚಿದರು. "ಮೊದಲು ಅದನ್ನು ಹೊರಗೆ ಹಾಕು, ಕಿಟಕಿ ತೆಗಿ, ಆಮೇಲೆ ಮಾತಾಡು." ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಮನೆಮಂದಿಯೆಲ್ಲ ಹೀಗೆ ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತದೆ. ನಮ್ಮಲ್ಲಿ ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್‌ನಿಂದ ಸಾಯುತ್ತಾರಲ್ಲ, ಅದೇ ವಿಷ. ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗಿಟ್ಟು ಬಂದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳ ಎದೆ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದೆ. ಯಾರೇ ಎಷ್ಟೇ ಪ್ರೀತಿಯಿಂದ ಕೊಟ್ಟರೂ ರೂಮಿನೊಳಗೆ ಕೆಂಡ ಬೇಡ. ಬೇಡವೇ ಬೇಡ.

ಮಾರನೇ ದಿನ ಅಜ್ಮಲ್ ಖಾನ್ ರೋಡಿಗೆ ಹೋಗಿ ಐದು ಜನಕ್ಕೂ ಜಾಕೆಟ್ ಕೊಂಡೆವು. ಬೆಂಗಳೂರಿನಿಂದ ತಂದ ಹೆಣೆದ ಸ್ವೆಟರ್‌ಗಳ ಸಂದಿಯಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತಿತ್ತು.

ಆಮೇಲೆ ಆಗ್ರಾ. ಬೆಳಿಗ್ಗೆ ಐದಕ್ಕೆ ಟ್ಯಾಕ್ಸಿ ಹೇಳಿದ್ದೆವು. ಯಮುನಾ ಎಕ್ಸ್‌ಪ್ರೆಸ್‌ವೇ 165 ಕಿಲೋಮೀಟರ್, ಮಾಮೂಲಿ ದಿನದಲ್ಲಿ ಎರಡು ಗಂಟೆ ದಾರಿ. ಅವತ್ತು ಮುಂದಿನ ಗಾಡಿಯ ಕೆಂಪು ದೀಪ ಕಂಡರೆ ಅದೇ ಭಾಗ್ಯ. ಡ್ರೈವರ್ ತನ್ನ ಕಡೆ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯ ಬಿಳಿ ಗೆರೆ ನೋಡಿಕೊಂಡು ಓಡಿಸುತ್ತಿದ್ದ. ಒಂದು ಕಡೆ ಲಾರಿ ನಿಂತಿದ್ದು ಹತ್ತು ಅಡಿ ದೂರಕ್ಕೆ ಬಂದ ಮೇಲೆ ಕಂಡಿತು. ನಮ್ಮವರು ಸಾಕು ನಿಲ್ಲಿಸಪ್ಪ ಅಂದರು. ಮುಂದೆ ಸಿಕ್ಕ ಹೋಟೆಲಿನ ಅಂಗಳಕ್ಕೆ ಗಾಡಿ ತಿರುಗಿಸಿ ಎರಡೂವರೆ ಗಂಟೆ ಕಾದೆವು. ಆ ರಸ್ತೆಯಲ್ಲಿ ಚಳಿಗಾಲ ಬಂದರೆ ಗಾಡಿಗಳು ಒಂದರ ಹಿಂದೊಂದು ಗುದ್ದಿಕೊಳ್ಳುವುದು ಹೊಸದಲ್ಲ. ಬೆಳಕು ಹರಿದು ಮಂಜು ಬಿಡುವವರೆಗೆ ಅಲ್ಲಿ ಗಾಡಿ ಹತ್ತಲೇಬೇಡಿ. ರೈಲೇ ವಾಸಿ, ತಡವಾದರೂ ಸರಿ. ರೈಲು ನೀವು ಹತ್ತುವ ಸ್ಟೇಷನ್ನಿಗೆ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಬರುವುದಿದ್ದು ನೀವು ಹೋಗದಿದ್ದರೆ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಆದರೆ ರೈಲು ಹೊರಡುವ ಮೊದಲೇ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು.

ತಾಜ್ ಒಳಗೆ ಹೋಗುವಾಗ ಹನ್ನೊಂದೂವರೆ. ಕೆಂಪು ಕಲ್ಲಿನ ದೊಡ್ಡ ಬಾಗಿಲು ದಾಟಿದ ಕೂಡಲೇ ಎದುರಿಗೆ ತಾಜ್ ಕಾಣುತ್ತದೆ, ಎಲ್ಲರೂ ಅಲ್ಲೇ ನಿಂತು ಬಿಡುತ್ತಾರೆ. ನಾವೂ ನಿಂತೆವು. ಎದುರಿಗೆ ಬೆಳ್ಳಗೆ ಗೋಡೆ ಹಾಗೆ ಮಂಜು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, "ಎಲ್ಲಿದೆಯಮ್ಮ?" ಅಂತ ಕೇಳಿದರು. ನನಗೆ ಉತ್ತರ ಹೇಳೋಕೆ ಬಾಯಿ ಬರಲಿಲ್ಲ. ತಾಜ್ ಟಿಕೆಟ್ ಒಳಗೆ ಹೋದ ಮೇಲೆ ಮೂರು ಗಂಟೆ ಹೊತ್ತು ಮಾತ್ರ ನಡೆಯುತ್ತದೆ. ಒಂದೂವರೆ ಹೊತ್ತಿಗೆ ಪೆನ್ಸಿಲ್ ಗೆರೆ ಎಳೆದ ಹಾಗೆ ಗುಮ್ಮಟ ಕಾಣಿಸಿತು. ಹತ್ತಿರ ಹೋಗಿ ಅಮೃತಶಿಲೆಯ ಗೋಡೆ ಮೇಲೆ ಅಂಗೈ ಇಟ್ಟು ನಿಂತರು ಅತ್ತೆ. ಅಷ್ಟೇ ಅವರು ನೋಡಿದ ತಾಜ್.

ಅವತ್ತು ರಾತ್ರಿಯೇ ಅವರಿಗೆ ಉಸಿರು ಕಟ್ಟಿತು. ಒಂದು ವಾಕ್ಯ ಪೂರ್ತಿ ಮಾಡೋಕೆ ಆಗುತ್ತಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿದೆವು. ಅಲ್ಲಿಯ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, ಉಬ್ಬಸ ಇರುವವರನ್ನು ಈ ತಿಂಗಳಲ್ಲಿ ಯಾಕೆ ಕರೆತಂದಿರಿ? ವಾಯುಗುಣಮಟ್ಟ ಸೂಚ್ಯಂಕ 300 ದಾಟಿದರೆ ಅತಿ ಕಳಪೆ, 400 ದಾಟಿದರೆ ತೀವ್ರ ಅಂತ ಸರ್ಕಾರದ ಪಟ್ಟಿಯೇ ಹೇಳುತ್ತದೆ. ದೀಪಾವಳಿ ಆಸುಪಾಸಿನಿಂದ ಜನವರಿವರೆಗೆ ದೆಹಲಿಯಲ್ಲಿ ಇಂಥ ದಿನಗಳು ಮತ್ತೆ ಮತ್ತೆ ಬರುತ್ತವೆ. ನಾನು ಉಷ್ಣಾಂಶ ನೋಡಿದ್ದೆ, ಈ ಅಂಕಿಯನ್ನು ನೋಡಿಯೇ ಇರಲಿಲ್ಲ. ಮನೆಯಲ್ಲಿ ಅಸ್ತಮಾ, ಹೃದಯದ ತೊಂದರೆ ಇರುವ ಹಿರಿಯರಿದ್ದರೆ ಆ ತಿಂಗಳುಗಳಲ್ಲಿ ಕರೆದುಕೊಂಡು ಹೋಗಬೇಡಿ. ಅನಿವಾರ್ಯ ಅಂದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ಇನ್ಹೇಲರ್, ಎನ್95 ಮಾಸ್ಕ್ ಕೈಚೀಲದಲ್ಲೇ ಇರಲಿ.

ರಜೆಗೆ ಹೊಂದಬೇಕಲ್ವಾ ಅಂತ ಕೇಳಬಹುದು. ಮಕ್ಕಳಿರುವವರಿಗೆ ದಸರಾ ರಜೆಯೇ ಸರಿ. ಸೆಪ್ಟೆಂಬರ್ ಕೊನೆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಹಗಲು ಸ್ವಲ್ಪ ಸೆಖೆ, ಅಷ್ಟೇ. ಶಾಲೆಯ ಕಟ್ಟುಪಾಡು ಇಲ್ಲದವರಿಗೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಬಹಳ ಚೆಂದ. ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಆಗಲೇ ಜನರಿಗೆ ತೆರೆದಿರುತ್ತದೆ. ಬೇಸಿಗೆ ರಜೆಯಂತೂ ಬೇಡ, 40 ಡಿಗ್ರಿ ದಾಟುತ್ತದೆ. ಆಗ್ರಾಕ್ಕೆ ಯಾವ ತಿಂಗಳಾದರೂ ಶುಕ್ರವಾರ ಹೋಗಬೇಡಿ, ತಾಜ್ ಮುಚ್ಚಿರುತ್ತದೆ.

ಈ ಡಿಸೆಂಬರಿಗೆ ಈಗಾಗಲೇ ಬುಕ್ ಆಗಿ ಹೋಗಿದ್ದರೆ, ಬಟ್ಟೆ ವಿಷಯದಲ್ಲಿ ನನ್ನ ಮಾತು ಕೇಳಿ. ಒಂದು ದಪ್ಪ ಸ್ವೆಟರ್‌ಗಿಂತ ಮೂರು ಪದರ ಒಳ್ಳೆಯದು. ಮೈಗೆ ಅಂಟುವ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಮೆಟ್ರೋ ಒಳಗೆ ಜನಜಂಗುಳಿಯಲ್ಲಿ ಸೆಖೆ ಆದರೆ ಒಂದು ಪದರ ತೆಗೆಯಬಹುದು. ಸೀರೆ ಉಡುವವರು ದಯವಿಟ್ಟು ಲಂಗದ ಒಳಗೆ ಥರ್ಮಲ್ ಪ್ಯಾಂಟ್ ಹಾಕಿಕೊಳ್ಳಿ. ಮೇಲೆ ಎಷ್ಟು ಹೊದ್ದರೂ ಚಳಿ ಹತ್ತುವುದು ಕಾಲಿನಿಂದ. ಕಾಲುಚೀಲ ದಿನಕ್ಕೆರಡು ಜೊತೆ ಲೆಕ್ಕ ಹಾಕಿ. ಲೋಟಸ್ ಟೆಂಪಲ್, ಬಂಗ್ಲಾ ಸಾಹಿಬ್ ಗುರುದ್ವಾರ ಎಲ್ಲ ಕಡೆ ಶೂ ಬಿಡಬೇಕು, ಕಲ್ಲು ಹಾಸಿನ ಮೇಲೆ ನಡೆಯಬೇಕು, ಕಾಲುಚೀಲ ಒದ್ದೆಯಾಗುತ್ತದೆ. ಒಗೆದು ಹಾಕಿದರಾಯ್ತು ಅನ್ನಬೇಡಿ. ನಾನು ಬಚ್ಚಲಲ್ಲಿ ಹರವಿದ ಮಗಳ ಕಾಲುಚೀಲ ಎರಡು ದಿನವಾದರೂ ಒಣಗದೆ ಕೊನೆಗೆ ಒದ್ದೆಯದನ್ನೇ ಕವರಿನಲ್ಲಿ ಸುತ್ತಿಕೊಂಡು ಬಂದೆ. ಕಿವಿ ಮುಚ್ಚುವ ಟೋಪಿ, ತುಟಿಗೆ ವ್ಯಾಸಲೀನ್ ಮರೆಯಬೇಡಿ. ಒಬ್ಬೊಬ್ಬರಿಗೆ ಒಂದು ಜೊತೆ ಪೂರ್ತಿ ಬೆಚ್ಚನೆ ಬಟ್ಟೆ ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲಿ ಇರಲಿ. ಶೂ, ಕಾಲುಚೀಲ ಮನೆಯಿಂದಲೇ ಹಾಕಿಕೊಂಡು ಹೊರಡಿ.

ತಿಂಗಳ ಮೊದಲು ಆ್ಯಪ್‌ನಲ್ಲಿ ನೋಡಿದ ಮುನ್ಸೂಚನೆ ನಂಬಬೇಡಿ. ಹೊರಡುವ ಎರಡು ಮೂರು ದಿನ ಮೊದಲು ಹವಾಮಾನ ಇಲಾಖೆಯ ಮಂಜಿನ ಎಚ್ಚರಿಕೆ ನೋಡಿ. ಬೆಳಿಗ್ಗೆ ಹನ್ನೊಂದಕ್ಕಿಂತ ಮೊದಲು ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ದಿನಕ್ಕೆ ಒಂದೋ ಎರಡೋ ಜಾಗ ಸಾಕು.

ಮತ್ತೆ ಇವತ್ತೇ ನಿಮ್ಮ ಹೋಟೆಲಿಗೆ ಫೋನ್ ಮಾಡಿ. ರೂಮಿನಲ್ಲಿ ಕರೆಂಟ್ ಹೀಟರ್ ಇದೆಯಾ, ಅದು ನಮ್ಮ ರೂಮಿಗೇ ಅಂತ ಇಡುತ್ತೀರಾ, ಎಷ್ಟು ದುಡ್ಡು, ಬಿಸಿನೀರು ಇಪ್ಪತ್ನಾಲ್ಕು ಗಂಟೆ ಬರುತ್ತಾ ಅಂತ ಬಿಡಿಸಿ ಕೇಳಿ. ಇಲ್ಲ ಅಂದರೆ ಹೋಟೆಲ್ ಬದಲಿಸಿ, ಇನ್ನೂ ಸಮಯ ಇದೆ.