ಮಗುವಿನ ಮೂತ್ರಕೋಶ ಅಳೆಯೋಕೆ ಸ್ಕ್ಯಾನರ್ ಮೇಲೋ, ಪ್ರೋಬ್ ಮೇಲೋ?

"ಸಿಸ್ಟರ್, ಪಾಪು ಬೆಳಿಗ್ಗೆಯಿಂದ ಒಂದಕ್ಕೇ ಹೋಗಿಲ್ಲ." ಮಕ್ಕಳ ವಾರ್ಡಿನಲ್ಲಿ ಈ ಮಾತು ಕೇಳದ ದಿನವಿಲ್ಲ. ಉಚ್ಚೆ ತುಂಬಿ ನಿಂತಿದೆಯೋ, ತಯಾರೇ ಆಗಿಲ್ಲವೋ? ಕೈಯಿಂದ ಒತ್ತಿ ನೋಡಿದರೆ ಅಳುವ ಮಗುವಿನಲ್ಲಿ ಏನೂ ತಿಳಿಯುವುದಿಲ್ಲ.

ನಮ್ಮಲ್ಲಿ ಎರಡು ಸಾಧನಗಳಿವೆ. ಒಂದು ಬ್ಲ್ಯಾಡರ್ ಸ್ಕ್ಯಾನರ್. ಜೆಲ್ ಹಚ್ಚಿ ಕಿಬ್ಬೊಟ್ಟೆಯ ಮೇಲಿಟ್ಟು ಬಟನ್ ಒತ್ತಿದರೆ ಎಷ್ಟು ಎಂಎಲ್ ಎಂದು ತಾನೇ ಹೇಳುತ್ತದೆ. ಇನ್ನೊಂದು ಟ್ಯಾಬ್‌ಗೆ ಸಿಕ್ಕಿಸುವ ಅಲ್ಟ್ರಾಸೌಂಡ್ ಪ್ರೋಬ್. ಇದರಲ್ಲಿ ಚಿತ್ರ ಕಾಣುತ್ತದೆ. ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಬೇಕು.

ಯಾವುದು ಸರಿ ಎಂದು ನೋಡಲು ನನಗೆ ಒಳ್ಳೆಯ ಅವಕಾಶ ಸಿಕ್ಕಿತ್ತು. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದ ನಾಲ್ಕು ವರ್ಷದ ಹುಡುಗನಿಗೆ ದಿನಕ್ಕೆ ಹಲವು ಸಲ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ಹಾಕಿ ಉಚ್ಚೆ ತೆಗೆಯುತ್ತಿದ್ದೆವು. ಮೊದಲು ಎರಡರಲ್ಲೂ ಅಳೆದು, ಆಮೇಲೆ ಜಾರ್ ನೋಡುತ್ತಿದ್ದೆ. ಒಂದು ದಿನ ಸ್ಕ್ಯಾನರ್ ಒಮ್ಮೆ 90 ಎಂದಿತು, ಮತ್ತೊಮ್ಮೆ 140. ಪ್ರೋಬಿನಲ್ಲಿ 6.5, 6, 5.5 ಸಿಕ್ಕಿತು, ಅಂದರೆ ಸುಮಾರು 112. ಜಾರಿನಲ್ಲಿ ಬಂದದ್ದು 120.

ದೊಡ್ಡವರಲ್ಲಿ 20 ಎಂಎಲ್ ಹೆಚ್ಚುಕಮ್ಮಿ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳಲ್ಲಿ ಹಾಗಲ್ಲ. ನಾಲ್ಕರಿಂದ ಹನ್ನೆರಡು ವರ್ಷದವರಿಗೆ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಹಿಡಿಯುವ ಅಂದಾಜು ಸಿಗುತ್ತದೆ. ಐದು ವರ್ಷಕ್ಕೆ 180 ಎಂಎಲ್. ಏಳು ದಾಟಿದ ಮಗು ಉಚ್ಚೆ ಹೊಯ್ದ ಮೇಲೂ 20 ಎಂಎಲ್‌ಗಿಂತ ಜಾಸ್ತಿ ಉಳಿದರೆ ಮತ್ತೆ ಪರೀಕ್ಷಿಸಿ ನೋಡಬೇಕು. ಯಂತ್ರದ ತಪ್ಪೇ 20 ಆದರೆ ಏನನ್ನು ನಂಬುವುದು, ಅಲ್ವಾ?

ಕೂಸುಗಳಲ್ಲಿ ಇನ್ನೂ ಕಷ್ಟ. ಅವರ ಮೂತ್ರಕೋಶ ಸೊಂಟದೊಳಗೆ ಇಳಿದಿರುವುದಿಲ್ಲ, ಹೊಟ್ಟೆಯಲ್ಲೇ ಮೇಲಕ್ಕಿರುತ್ತದೆ. ದೊಡ್ಡವರಿಗೆ ಇಡುವ ಜಾಗದಲ್ಲೇ ಇಟ್ಟರೆ ಸ್ಕ್ಯಾನರ್‌ಗೆ ಅದು ಸಿಗದೇ ಹೋಗಬಹುದು. ಏಳು ತಿಂಗಳ ಒಂದು ಮಗುವಿನಲ್ಲಿ ಸೊನ್ನೆ ತೋರಿಸಿತು. ಪ್ರೋಬ್ ಇಟ್ಟರೆ ಕಪ್ಪಗೆ, ದುಂಡಗೆ ಕಾಣಿಸಿತು, 22 ಎಂಎಲ್. ಸೊನ್ನೆ ನಂಬಿದ್ದರೆ ಮೂತ್ರ ಪರೀಕ್ಷೆಗೆ ಸುಮ್ನೆ ಗಂಟೆಗಟ್ಟಲೆ ಕಾಯುತ್ತಿದ್ದೆವು. ಹೊಟ್ಟೆಯಲ್ಲಿ ಬೇರೆ ನೀರು ತುಂಬಿದ್ದರೆ ಸ್ಕ್ಯಾನರ್ ಅದನ್ನೂ ಉಚ್ಚೆ ಎಂದು ಎಣಿಸಬಹುದು. ಚಿತ್ರ ನೋಡುವ ಕಣ್ಣಿಗೆ ಆ ವ್ಯತ್ಯಾಸ ಕಾಣುತ್ತದೆ.

ಆದರೂ ಸ್ಕ್ಯಾನರನ್ನು ನಾನು ಬಿಟ್ಟಿಲ್ಲ. ಎಂಟು ಹತ್ತು ವರ್ಷದವರು ಅಲುಗದೆ ಮಲಗುತ್ತಾರೆ. ಮಕ್ಕಳ ಮೋಡ್ ಹಾಕಿ ಮೂರು ಸಲ ಅಳೆದು, ಮೂರೂ ಹತ್ತಿರ ಬಂದರೆ ಬರೆದುಕೊಳ್ಳುತ್ತೇನೆ. ಹೊಸ ಸಿಸ್ಟರ್ ಕೂಡ ಒಂದೇ ದಿನದಲ್ಲಿ ಕಲಿಯುತ್ತಾರೆ. ಪ್ರೋಬಿಗೆ ಕೈ ಕೂರಲು ನನಗೆ ವಾರಗಳೇ ಹಿಡಿದವು.

ಮಕ್ಕಳ ವಾರ್ಡಿಗೆ ಒಂದನ್ನೇ ಕೊಳ್ಳುವುದಾದರೆ ನಾನು ಪ್ರೋಬನ್ನೇ ಕೇಳುತ್ತೇನೆ. ಯಾವುದೇ ಇರಲಿ, ಜೆಲ್ಲನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ. ತಣ್ಣಗಿನ ಜೆಲ್ ತಗುಲಿದ ಕೂಡಲೇ ಕೂಸು ಉಚ್ಚೆ ಹೊಯ್ದುಬಿಟ್ಟರೆ ಅಳೆಯಲು ಏನೂ ಉಳಿಯುವುದಿಲ್ಲ.