ಬೇರ್ ಆ್ಯಕ್ಟ್: ಪುಸ್ತಕ ಕೊಳ್ಳಬೇಕೋ, ಪಿಡಿಎಫ್ ಸಾಕೋ?

ಬೇರ್ ಆ್ಯಕ್ಟ್ ಅಂದರೆ ವ್ಯಾಖ್ಯಾನವಿಲ್ಲದ, ಕಾಯ್ದೆಯ ಮೂಲ ಪಠ್ಯ. ದಿನದ ಓದಿಗೆ ನನ್ನ ಮತ ಪಿಡಿಎಫ್‌ಗೆ. ಕಾರಣ ಹೊಸ ಕಾಯ್ದೆಗಳು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್‌ಗಳು 358ಕ್ಕೆ ಇಳಿದವು. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103. ಹೊಸ ಸಂಹಿತೆಯಲ್ಲಿ 302 ತೆರೆದರೆ ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ ಸಿಗುತ್ತದೆ! ಹಳೆಯ ತೀರ್ಪುಗಳಲ್ಲಿ ಹಳೆಯ ನಂಬರೇ ಇರುತ್ತದೆ ಅಲ್ವಾ? ಅದಕ್ಕೇ 103ರ ಪಕ್ಕ ‘ಹಳೆಯ 302’ ಅಂತ ಕಾಮೆಂಟ್ ಹಾಕಿಡಿ. ಕಾಮೆಂಟ್‌ಗಳಲ್ಲೂ ಹುಡುಕುವ ಆ್ಯಪ್ ಇದ್ದರೆ, ತೀರ್ಪು ಓದುವಾಗ ಸೆಕ್ಷನ್ ತಕ್ಷಣ ಸಿಗುತ್ತದೆ.

ಕಾಯ್ದೆಯನ್ನು ಇಂಡಿಯಾ ಕೋಡ್ ಸರ್ಕಾರಿ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ತಿದ್ದುಪಡಿ ಬಂದಾಗ ಹೊಸ ಫೈಲ್ ಇಳಿಸಬೇಕು, ಆದರೆ ನಿಮ್ಮ ಟಿಪ್ಪಣಿಗಳು ಹಳೆಯ ಫೈಲ್‌ನಲ್ಲೇ ಉಳಿಯುತ್ತವೆ. ಫೈಲ್ ಹೆಸರಲ್ಲೇ ತಾರೀಖು ಬರೆದಿಡಿ. ಇನ್ನೊಂದು ತೊಡಕು ಕನ್ನಡ ಪಿಡಿಎಫ್‌ಗಳದ್ದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿದ್ದರೆ ಕಣ್ಣೆದುರಿನ ಪದವೂ ಹುಡುಕಾಟಕ್ಕೆ ಸಿಗುವುದಿಲ್ಲ. ಇಳಿಸಿದ ಕೂಡಲೇ ಒಂದು ಪದ ಹುಡುಕಿ ನೋಡಿ.

ಪುಸ್ತಕ ಗೆಲ್ಲುವುದು ಎರಡು ಕಡೆ. ನರಹತ್ಯೆಯ 100, ಕೊಲೆಯ 101 ಸೆಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು, ಐದು ವಿನಾಯಿತಿಗಳ ಸಮೇತ. ಫೋನಿನ ಪುಟ್ಟ ಪರದೆಯಲ್ಲಿ ಅದು ಹಿಂಸೆ. ಇನ್ನು ಕಾನೂನು ಪದವೀಧರರು ವಕೀಲಿಕೆಗಾಗಿ ಬರೆಯುವ ಎಐಬಿಇ ಪರೀಕ್ಷೆಗೆ ಒಯ್ಯಲು ಬಿಡುವುದು ಟಿಪ್ಪಣಿ ಇಲ್ಲದ ಅಚ್ಚಿನ ಪ್ರತಿ ಮಾತ್ರ. ಹಾಗಾಗಿ ಒಂದು ಪುಸ್ತಕ ಕೊಂಡರೂ ಅದರಲ್ಲಿ ಏನೂ ಗೀಚಬೇಡಿ. ಬರೆಯುವುದೆಲ್ಲ ಪಿಡಿಎಫ್‌ನಲ್ಲೇ ಇರಲಿ.